ಫ್ರೇಮ್ ತೆಗೆದ ಮೇಲೆ ಪಿನ್ ಗಾಯಗಳ ಆರೈಕೆ



ಕಾಲಿಗೆ ಎಕ್ಸ್‌ಟರ್ನಲ್ ಫಿಕ್ಸೇಟರ್ ಹಾಕಿಸಿಕೊಂಡು ತಿಂಗಳುಗಟ್ಟಲೆ ಕಳೆದವರು ಇಂಗ್ಲೆಂಡಿನ ನಮ್ಮ ಕನ್ನಡ ಕುಟುಂಬಗಳಲ್ಲೂ ಇದ್ದಾರೆ. ಬೈಕ್ ಅಪಘಾತ, ಚಳಿಗಾಲದಲ್ಲಿ ಮಂಜು ಗಟ್ಟಿಯಾದ ಫುಟ್‌ಪಾತ್ ಮೇಲೆ ಜಾರಿ ಬಿದ್ದದ್ದು, ಮಕ್ಕಳಲ್ಲಿ ಒಂದು ಕಾಲು ಗಿಡ್ಡವಾಗಿದ್ದು ಅದನ್ನು ಉದ್ದ ಮಾಡಿಸಿದ್ದು, ಹೀಗೆ ಕಾರಣಗಳು ಬೇರೆ ಬೇರೆ. ಫ್ರೇಮ್ ಇರುವಷ್ಟು ದಿನ ಮನೆಯವರೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿಕೊಳ್ಳುತ್ತಾರೆ. ನರ್ಸ್ ಹೇಳಿಕೊಟ್ಟ ಹಾಗೆ ಪಿನ್ನುಗಳ ಬುಡ ಒರೆಸುತ್ತಾರೆ, ಡ್ರೆಸಿಂಗ್ ಬದಲಿಸುತ್ತಾರೆ, ಸ್ವಲ್ಪ ಕೆಂಪಾದರೂ ಕ್ಲಿನಿಕ್ಕಿಗೆ ಫೋನ್ ಮಾಡುತ್ತಾರೆ. ಫ್ರೇಮ್ ಬಿಚ್ಚಿದ ದಿನ ಮನೆಯಲ್ಲಿ ಪಾಯಸ. ಮಾರನೆಯ ದಿನದಿಂದ ಏನು ಮಾಡಬೇಕು ಎನ್ನುವುದು ಮಾತ್ರ ಬಹಳ ಜನಕ್ಕೆ ಸ್ಪಷ್ಟವಿರುವುದಿಲ್ಲ. ಆಸ್ಪತ್ರೆಯಲ್ಲಿ ಕೊಡುವ ಹಾಳೆಯಲ್ಲಿ ನಾಲ್ಕು ಸಾಲು ಇರುತ್ತದೆ, ಅದೂ ಇಂಗ್ಲಿಷಿನಲ್ಲಿ. ಆರೈಕೆ ಮಾಡಲು ಊರಿನಿಂದ ಬಂದಿರುವ ಅಮ್ಮನಿಗೋ ಅತ್ತೆಯವರಿಗೋ ಅದರಿಂದ ಪ್ರಯೋಜನವಿಲ್ಲ. ಅದಕ್ಕೇ ಈ ಲೇಖನ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಪಿನ್ ತೆಗೆದಾಗ ಉಳಿಯುವುದು ಒಂದು ತೂತಲ್ಲ, ಎರಡು. ಒಂದು ಚರ್ಮದ್ದು, ಇನ್ನೊಂದು ಅದರ ಕೆಳಗೆ ಮೂಳೆಯದ್ದು. ಚರ್ಮದ ತೂತು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಮುಚ್ಚುತ್ತದೆ. ಮೂಳೆಯ ತೂತು ತುಂಬುವುದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಮೇಲಿನದು ಮುಚ್ಚಿತು ಅಂತ ಒಳಗಿನದನ್ನು ಮರೆತುಬಿಟ್ಟಾಗಲೇ ತೊಂದರೆಗಳು ಶುರುವಾಗುವುದು.

ಈ ಫ್ರೇಮಿನ ಬಗ್ಗೆ ಸ್ವಲ್ಪ

ಕಾಲಿನ ಸುತ್ತ ಉಂಗುರಗಳಂತೆ ಕೂರುವ ಫ್ರೇಮನ್ನು ರೂಪಿಸಿದವರು ಸೈಬೀರಿಯದ ಕುರ್ಗಾನ್ ಎಂಬ ಊರಿನಲ್ಲಿ ಕೆಲಸ ಮಾಡುತ್ತಿದ್ದ ಡಾ. ಗವ್ರೀಲ್ ಇಲಿಜಾರೊವ್ (1921-1992). 1950ರ ದಶಕದ ಆರಂಭದಲ್ಲೇ ಅವರು ಇದನ್ನು ಬಳಸತೊಡಗಿದರೂ ಹೊರಜಗತ್ತಿಗೆ ಗೊತ್ತಾಗಲು ಬಹಳ ವರ್ಷ ಹಿಡಿಯಿತು. 1964ರ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದ ವಲೇರಿ ಬ್ರೂಮೆಲ್ 1965ರಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ಕಾಲು ಮುರಿದುಕೊಂಡು, ಎಷ್ಟೋ ಆಪರೇಷನ್‌ಗಳ ನಂತರ 1968ರಲ್ಲಿ ಇಲಿಜಾರೊವ್ ಅವರ ಬಳಿ ಹೋಗಿ ಗುಣವಾದದ್ದು ಸೋವಿಯತ್ ದೇಶದಲ್ಲಿ ದೊಡ್ಡ ಸುದ್ದಿಯಾಗಿತ್ತು. ಪಶ್ಚಿಮ ಯುರೋಪಿಗೆ ಈ ವಿಧಾನ ಬಂದದ್ದು 1980ರ ದಶಕದಲ್ಲಿ, ಇಟಲಿಯ ಮೂಲಕ.

ಗಾಯದ ದೃಷ್ಟಿಯಿಂದ ತಿಳಿದಿರಬೇಕಾದದ್ದು ಇಷ್ಟು: ಫ್ರೇಮಿನಲ್ಲಿ ಎರಡು ಬಗೆಯ ಸರಳುಗಳಿರುತ್ತವೆ. ವೈರ್ ಎಂದು ಕರೆಯುವ ತೆಳು ತಂತಿಗಳು ಸುಮಾರು 1.8 ಮಿಲಿಮೀಟರ್, ಅಂದರೆ ಬೆಂಕಿಕಡ್ಡಿಯಷ್ಟು ದಪ್ಪವೂ ಇಲ್ಲ. ಅವು ಕಾಲಿನ ಈ ಕಡೆಯಿಂದ ಹೊಕ್ಕು ಆ ಕಡೆ ಹೊರಬರುತ್ತವೆ. ಹಾಫ್ ಪಿನ್ ಎನ್ನುವವು 5 ಅಥವಾ 6 ಮಿಲಿಮೀಟರ್ ದಪ್ಪ, ಹೆಚ್ಚುಕಡಿಮೆ ಪೆನ್ಸಿಲ್‌ನಷ್ಟು. ಒಂದೇ ಕಡೆಯಿಂದ ಮೂಳೆಗೆ ಸ್ಕ್ರೂನಂತೆ ಹೊಕ್ಕಿರುತ್ತವೆ. ವೈರ್ ತೆಗೆದ ಜಾಗ ಬೇಗ ಮುಚ್ಚುತ್ತದೆ, ಹಾಫ್ ಪಿನ್ ಜಾಗ ನಿಧಾನ. ಒಂದೇ ಕಾಲಿನಲ್ಲಿ ಒಂದು ಗಾಯ ನಾಲ್ಕು ದಿನಕ್ಕೆ ಒಣಗಿ ಪಕ್ಕದ್ದು ಇನ್ನೂ ಹಸಿಯಾಗಿದ್ದರೆ ಗಾಬರಿ ಬೇಡ.

ತೆಗೆಯುವುದನ್ನು ಕೆಲವು ಆಸ್ಪತ್ರೆಗಳಲ್ಲಿ ಅರಿವಳಿಕೆ ಕೊಟ್ಟು ಥಿಯೇಟರಿನಲ್ಲಿ ಮಾಡುತ್ತಾರೆ, ಕೆಲವು ಕಡೆ ಕ್ಲಿನಿಕ್ಕಿನಲ್ಲೇ ಗ್ಯಾಸ್ ಅಂಡ್ ಏರ್ ಕೊಟ್ಟು. ಇಲ್ಲಿ ಹೆರಿಗೆಯಾದ ತಾಯಂದಿರಿಗೆ ಇದರ ಪರಿಚಯ ಇದ್ದೇ ಇದೆ! ಗಾಯಗಳಿಗೆ ಹೊಲಿಗೆ ಹಾಕುವುದಿಲ್ಲ. "ಇಷ್ಟು ದೊಡ್ಡ ತೂತು ಬಿಟ್ಟು ಹಾಗೇ ಕಳಿಸಿಬಿಟ್ಟರಲ್ಲ" ಎಂದು ಮನೆಯ ಹಿರಿಯರು ಬೇಸರಪಡುವುದುಂಟು. ಹಾಗೆ ಬಿಡುವುದು ಬೇಕೆಂದೇ. ಪಿನ್ ಇದ್ದ ದಾರಿಯಲ್ಲಿ ಕೆಲವು ಕ್ರಿಮಿಗಳು ಇದ್ದೇ ಇರುತ್ತವೆ. ಬಾಯಿ ಹೊಲಿದುಬಿಟ್ಟರೆ ಅವು ಒಳಗೇ ಉಳಿಯುತ್ತವೆ. ತೂತು ತೆರೆದಿದ್ದರೆ ಒಳಗಿನ ನೀರು ಹೊರಗೆ ಹರಿದು, ಬುಡದಿಂದ ಮೇಲಕ್ಕೆ ಮಾಂಸ ತುಂಬಿಕೊಂಡು ಬರುತ್ತದೆ.

ಮೊದಲ ಎರಡು ವಾರ

ಮೊದಲ ಒಂದೆರಡು ದಿನ ಸ್ವಲ್ಪ ರಕ್ತ, ಆಮೇಲೆ ತಿಳಿ ಹಳದಿ ನೀರು ಡ್ರೆಸಿಂಗಿಗೆ ಅಂಟುವುದು ಸಹಜ. ರಕ್ತ ಜಿನುಗಿದರೆ ಶುದ್ಧವಾದ ಗಾಜ್ ಇಟ್ಟು, ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು, ಹತ್ತು ನಿಮಿಷ ಒಂದೇ ಸಮನೆ ಒತ್ತಿ ಹಿಡಿಯಿರಿ. ಮಧ್ಯೆ ಮಧ್ಯೆ ಎತ್ತಿ ನೋಡುತ್ತಿದ್ದರೆ ನಿಲ್ಲುವುದಿಲ್ಲ. ಹಾಗೆ ಒತ್ತಿದರೂ ನಿಲ್ಲದಿದ್ದರೆ ಫೋನ್ ಮಾಡಲೇಬೇಕು.

ಡ್ರೆಸಿಂಗ್ ಬದಲಿಸುವ ಮೊದಲು ಸೋಪು ಹಾಕಿ ಕೈ ತೊಳೆಯುವುದು ಉಳಿದೆಲ್ಲಕ್ಕಿಂತ ಮುಖ್ಯ. ಕ್ಲಿನಿಕ್ಕಿನವರು ಕೊಟ್ಟ ಸಲೈನ್ ಅಥವಾ ಕುದಿಸಿ ಆರಿಸಿದ ನೀರಿನಲ್ಲಿ ಗಾಜ್ ಅದ್ದಿ ಮೆಲ್ಲಗೆ ಒರೆಸಿ, ಇನ್ನೊಂದು ಗಾಜಿನಿಂದ ಒತ್ತಿ ಒಣಗಿಸಿ, ಹೊಸ ಒಣ ಡ್ರೆಸಿಂಗ್ ಹಾಕಿದರೆ ಸಾಕು. ಒಂದು ಗಾಯ ಒರೆಸಿದ ಗಾಜನ್ನು ಇನ್ನೊಂದಕ್ಕೆ ಮುಟ್ಟಿಸಬೇಡಿ. ನಮ್ಮ ಮನೆಗಳಲ್ಲಿ ಗಾಯ ಎಂದ ಕೂಡಲೇ ಹತ್ತಿ ಹುಡುಕುವ ಅಭ್ಯಾಸವಿದೆ; ಇಲ್ಲಿ ಹತ್ತಿ ಬೇಡವೇ ಬೇಡ. ಅದರ ಎಳೆಗಳು ತೂತಿನೊಳಗೆ ಸಿಕ್ಕಿಕೊಂಡು ಕಿರಿಕಿರಿ ಮಾಡುತ್ತವೆ. ಗಾಯ ಒಣಗಿ ಹಕ್ಕಳೆ ಕಟ್ಟಿದ ಮೇಲೆ ಡ್ರೆಸಿಂಗ್ ಇಲ್ಲದೆ ಗಾಳಿಗೆ ಬಿಡಬಹುದು. ಹಕ್ಕಳೆಯನ್ನು ಕೀಳಬೇಡಿ. ಮಕ್ಕಳಿದ್ದರೆ ಇದನ್ನು ದಿನಕ್ಕೆ ಹತ್ತು ಸಲ ಹೇಳಬೇಕಾಗುತ್ತದೆ, ಬೇರೆ ದಾರಿಯಿಲ್ಲ.

ಶವರ್ ಯಾವಾಗ ಎನ್ನುವುದಕ್ಕೆ ಒಂದೊಂದು ಆಸ್ಪತ್ರೆ ಒಂದೊಂದು ದಿನ ಹೇಳುತ್ತದೆ. ನಿಮ್ಮ ಕ್ಲಿನಿಕ್ ಹೇಳಿದ್ದೇ ನಿಮಗೆ ಅನ್ವಯ. ಸ್ನೇಹಿತರ ಆಸ್ಪತ್ರೆಯಲ್ಲಿ ಬೇರೆ ಹೇಳಿದರು ಎಂದು ತಲೆ ಕೆಡಿಸಿಕೊಳ್ಳಬೇಡಿ. ಪಿನ್ ಗಾಯಗಳ ಆರೈಕೆಯಲ್ಲಿ ಯಾವ ವಿಧಾನ ಎಲ್ಲಕ್ಕಿಂತ ಉತ್ತಮ ಎಂದು ಹೇಳಲು ಸಾಕಷ್ಟು ಪುರಾವೆಯಿಲ್ಲ ಎಂದು 2013ರ ಕಾಕ್ರೇನ್ ವಿಮರ್ಶೆಯೇ ಹೇಳಿತ್ತು. ಆಸ್ಪತ್ರೆಯಿಂದ ಆಸ್ಪತ್ರೆಗೆ ಪದ್ಧತಿ ಬೇರೆಯಾಗಿರುವುದಕ್ಕೆ ಅದೂ ಒಂದು ಕಾರಣ. ಆದರೆ ಬಾತ್‌ಟಬ್, ಈಜುಕೊಳ, ಸಮುದ್ರ ಇವುಗಳಲ್ಲಿ ಮುಳುಗುವುದು ಒಂದೂ ಬಿಡದೆ ಎಲ್ಲ ಗಾಯ ಮುಚ್ಚುವ ತನಕ ಬೇಡ. ಎಣ್ಣೆ ಸ್ನಾನವೂ ಅಷ್ಟೇ, ದೀಪಾವಳಿ ಬಂದರೂ ಸರಿ. ತಲೆಗೆ ಹಚ್ಚಿಕೊಳ್ಳಲಿ, ಕಾಲಿಗೆ ಬೇಡ.

ಅರಿಶಿನ, ಪುಡಿ, ಪಥ್ಯ

ಈ ಭಾಗವನ್ನು ಸ್ವಲ್ಪ ಬಿಡಿಸಿ ಬರೆಯುತ್ತೇವೆ, ಏಕೆಂದರೆ ಇಲ್ಲಿನ ನರ್ಸ್‌ಗಳು ಕೊಡುವ ಹಾಳೆಯಲ್ಲಿ ಇದು ಇರುವುದಿಲ್ಲ.

"ಒಂದು ಚಿಟಿಕೆ ಅರಿಶಿನ ಇಡೇ, ಬೇಗ ಮಾಯುತ್ತೆ" ಎಂದು ಅಮ್ಮ ಹೇಳುವುದರಲ್ಲಿ ಪ್ರೀತಿಯಿದೆ, ಅನುಭವವೂ ಇದೆ. ತರಕಾರಿ ಹೆಚ್ಚುವಾಗ ಬೆರಳು ಕೊಯ್ದರೆ ಅದು ನಡೆದೀತು. ಪಿನ್ ಗಾಯ ಹಾಗಲ್ಲ. ಅದು ಮೂಳೆಯವರೆಗೆ ಹೋಗುವ ದಾರಿ. ಅಡುಗೆಮನೆಯ ಡಬ್ಬಿಯ ಅರಿಶಿನ ಕ್ರಿಮಿರಹಿತವಲ್ಲ, ಅದರ ಪುಡಿ ಒಳಗೆ ಇಳಿದು ಕೂರುತ್ತದೆ. ಇನ್ನೊಂದು ತೊಂದರೆ, ಸುತ್ತಲ ಚರ್ಮವೆಲ್ಲ ಹಳದಿಯಾಗಿ, ಸೋರುತ್ತಿರುವುದು ತಿಳಿ ನೀರೋ ಕೀವೋ, ಚರ್ಮ ಕೆಂಪಾಗಿದೆಯೋ ಇಲ್ಲವೋ ಎಂದು ನರ್ಸ್‌ಗೂ ಗೊತ್ತಾಗುವುದಿಲ್ಲ. ಕಾಫಿ ಪುಡಿ, ಸುಣ್ಣ, ಬೇವಿನೆಣ್ಣೆಗೂ ಇದೇ ಮಾತು. ಊರಿನಿಂದ ಸೂಟ್‌ಕೇಸಿನಲ್ಲಿ ಬರುವ ನೆಬಾಸಲ್ಫ್ ಪುಡಿಯೂ ಬೇಡ: ಅದು ನೀರಿನೊಂದಿಗೆ ಸೇರಿ ಗಟ್ಟಿಯಾಗಿ ತೂತಿನ ಬಾಯಿಗೆ ಬಿರಡೆ ಹಾಕಿದ ಹಾಗಾಗುತ್ತದೆ. ಡೆಟಾಲ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಹೊಸದಾಗಿ ಬೆಳೆಯುತ್ತಿರುವ ಮಾಂಸವನ್ನೇ ಸುಡುತ್ತವೆ. ಉರಿದರೆ ಕೆಲಸ ಮಾಡುತ್ತಿದೆ ಎಂಬುದು ಹಳೆಯ ನಂಬಿಕೆ, ಅಷ್ಟೆ.

ಇನ್ನು ಪಥ್ಯ. ಬದನೆಕಾಯಿ ತಿಂದರೆ ನಂಜಾಗುತ್ತದೆ ಎಂದು ಬಿಡಿಸಿದರೆ ಏನೂ ನಷ್ಟವಿಲ್ಲ, ಬಿಟ್ಟರೆ ಬಿಡಿ. ಆದರೆ ತೊಗರಿಬೇಳೆ ಕೀವು ಮಾಡುತ್ತದೆ, ಮೊಸರು ಶೀತ, ಮೊಟ್ಟೆ ಉಷ್ಣ ಎಂದು ಒಂದೊಂದಾಗಿ ಬಿಡಿಸಿ, ಗಾಯ ಮಾಯಬೇಕಾದವರಿಗೆ ಬರೀ ತಿಳಿ ಸಾರು ಅನ್ನ ಹಾಕುವುದು ತಪ್ಪು. ಹೊಸ ಮಾಂಸ, ಹೊಸ ಮೂಳೆ ಎರಡಕ್ಕೂ ಪ್ರೋಟೀನ್ ಬೇಕು. ಸಸ್ಯಾಹಾರಿಗಳಿಗೆ ಅದು ಬರುವುದು ಬೇಳೆ, ಕಾಳು, ಹಾಲು, ಮೊಸರಿನಿಂದಲೇ. ರಾಗಿಯಲ್ಲಿ ಸುಣ್ಣದ ಅಂಶ ಧಾರಾಳವಾಗಿದೆ, ಮುದ್ದೆಯೋ ಅಂಬಲಿಯೋ ಸಂತೋಷವಾಗಿ ಕೊಡಿ. ವಿಟಮಿನ್ ಡಿ ಕೊರತೆ ಈ ದೇಶದಲ್ಲಿರುವ ನಮ್ಮಂಥ ಕಂದು ಮೈಬಣ್ಣದವರಲ್ಲಿ ಬಹಳ ಸಾಮಾನ್ಯ. ಕಪ್ಪು, ಕಂದು ಮೈಬಣ್ಣದವರು ವರ್ಷವಿಡೀ ದಿನಕ್ಕೆ 10 ಮೈಕ್ರೋಗ್ರಾಂ ತೆಗೆದುಕೊಳ್ಳುವುದನ್ನು ಯೋಚಿಸಬೇಕು ಎಂಬುದು ಎನ್‌ಎಚ್‌ಎಸ್ ಸಲಹೆ. ಮೂಳೆ ಕೂಡುತ್ತಿರುವವರು ಒಮ್ಮೆ ರಕ್ತ ಪರೀಕ್ಷೆ ಬೇಕೇ ಎಂದು ಜಿಪಿಯವರನ್ನು ಕೇಳುವುದು ಒಳ್ಳೆಯದು. ಸಕ್ಕರೆ ಕಾಯಿಲೆ ಇದ್ದರೆ ಈ ದಿನಗಳಲ್ಲಿ ಸಕ್ಕರೆ ಹತೋಟಿಯಲ್ಲಿರುವುದು ಯಾವ ಮುಲಾಮಿಗಿಂತಲೂ ದೊಡ್ಡ ಔಷಧ. ಸಿಗರೇಟು ಸೇದುವವರ ಮೂಳೆ ಕೂಡುವುದು ತಡ, ಗಾಯ ಮಾಯುವುದೂ ತಡ. ಇದನ್ನು ಮನೆಯವರು ಹೇಳಿದರೆ ಜಗಳವಾಗುತ್ತದೆ, ಆದ್ದರಿಂದ ನಾವೇ ಹೇಳಿದ್ದೇವೆ.

ಸೋಂಕು ಗುರುತಿಸುವುದು ಹೇಗೆ

ನೋವು ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಕಡಿಮೆಯಾಗಿದ್ದ ನೋವು ಮತ್ತೆ ಏರಿದರೆ, ತಿಳಿ ನೀರು ಮಂದವಾಗಿ ಕೀವಾದರೆ, ವಾಸನೆ ಬಂದರೆ, ಸುತ್ತ ಊತ ಹರಡಿದರೆ, ಜ್ವರ ಬಂದರೆ ಸೋಂಕು ಎಂದು ಅನುಮಾನಿಸಬೇಕು. ಇಂಗ್ಲಿಷ್ ಹಾಳೆಗಳಲ್ಲೆಲ್ಲ "ಚರ್ಮ ಕೆಂಪಾದರೆ" ಎಂದು ಬರೆದಿರುತ್ತದೆ. ನಮ್ಮ ಮೈಬಣ್ಣದಲ್ಲಿ ಅದು ಕೆಂಪಾಗಿ ಕಾಣದೇ ಇರಬಹುದು. ನೇರಳೆ ಛಾಯೆ, ಕಂದು, ಅಥವಾ ಸುತ್ತಲಿಗಿಂತ ಕಪ್ಪಾಗಿ, ಹೊಳಪಾಗಿ ಕಾಣಬಹುದು. ಕಣ್ಣಿಗಿಂತ ಕೈ ನಂಬಿ: ಕೈಯ ಹಿಂಬದಿಯಿಂದ ಗಾಯದ ಪಕ್ಕ ಮುಟ್ಟಿ, ಆಮೇಲೆ ಇನ್ನೊಂದು ಕಾಲಿನ ಅದೇ ಜಾಗ ಮುಟ್ಟಿ ನೋಡಿ. ಬಿಸಿಯ ವ್ಯತ್ಯಾಸ ತಿಳಿಯುತ್ತದೆ. ದಿನಕ್ಕೊಂದು ಫೋಟೋ ತೆಗೆದಿಟ್ಟರೆ ಫೋನಿನಲ್ಲಿ ವಿವರಿಸುವ ಕಷ್ಟ ತಪ್ಪುತ್ತದೆ. ತೂತಿನ ಬಾಯಲ್ಲಿ ಗುಲಾಬಿ ಬಣ್ಣದ ಹಸಿ ಮಾಂಸ ಉಬ್ಬಿಕೊಂಡು ಬಂದರೆ ಅದು ಸೋಂಕೇ ಆಗಿರಬೇಕೆಂದಿಲ್ಲ, ಮಾಂಸ ಅತಿಯಾಗಿ ಬೆಳೆದದ್ದಿರಬಹುದು. ನರ್ಸ್‌ಗೆ ತೋರಿಸಿದರೆ ಅದಕ್ಕೆ ಚಿಕಿತ್ಸೆಯಿದೆ.

ಇಂಥ ಸೋಂಕಿಗೆ ಹೆಚ್ಚಾಗಿ ಕಾರಣವಾಗುವುದು ಚರ್ಮದ ಮೇಲೆಯೇ ವಾಸಿಸುವ ಸ್ಟಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯ. ಪೆನಿಸಿಲಿನ್ ಅಲರ್ಜಿ ಇಲ್ಲದವರಿಗೆ ಇಲ್ಲಿ ಸಾಮಾನ್ಯವಾಗಿ ಕೊಡುವ ಆಂಟಿಬಯೋಟಿಕ್ ಫ್ಲುಕ್ಲಾಕ್ಸಸಿಲಿನ್. ದಿನಕ್ಕೆ ನಾಲ್ಕು ಸಲ, ಖಾಲಿ ಹೊಟ್ಟೆಯಲ್ಲಿ. ಅಂದರೆ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ. ನಮ್ಮ ಮನೆಗಳಲ್ಲಿ ಬೆಳಗಿನ ಕಾಫಿ, ತಿಂಡಿ, ಊಟ, ಸಂಜೆಯ ಕುರುಕಲು, ರಾತ್ರಿ ಊಟ ಇವುಗಳ ನಡುವೆ ಖಾಲಿ ಹೊಟ್ಟೆ ಹುಡುಕುವುದು ಸುಲಭವಲ್ಲ, ಗಡಿಯಾರ ನೋಡಿ ಅಲಾರಂ ಇಟ್ಟುಕೊಳ್ಳಿ. ಕೊಟ್ಟಷ್ಟು ದಿನ ಪೂರ್ತಿ ಮುಗಿಸಿ. ಊರಿನಿಂದ ತಂದಿಟ್ಟ ಆಂಟಿಬಯೋಟಿಕ್‌ನಲ್ಲಿ ಉಳಿದ ಮೂರು ಮಾತ್ರೆ ನುಂಗಿ ನೋಡೋಣ ಎನ್ನುವುದು ಬೇಡ. ಅರ್ಧಂಬರ್ಧ ಔಷಧದಿಂದ ಸೋಂಕು ಸಾಯದೆ ಅಡಗುತ್ತದೆ, ಆಮೇಲೆ ಸ್ವಾಬ್ ಪರೀಕ್ಷೆಯಲ್ಲೂ ಯಾವ ಕ್ರಿಮಿ ಎಂದು ಸಿಗದೇ ಹೋಗಬಹುದು.

ಫೋನ್ ಮಾಡಬೇಕಾದದ್ದು ಮೊದಲು ಫ್ರೇಮ್ ಹಾಕಿದ ಆಸ್ಪತ್ರೆಯ ಲಿಂಬ್ ರೀಕನ್‌ಸ್ಟ್ರಕ್ಷನ್ ನರ್ಸ್‌ಗೆ. ಆ ನಂಬರನ್ನು ಫ್ರೇಮ್ ತೆಗೆದ ಮೇಲೂ ಅಳಿಸಬೇಡಿ. ರಾತ್ರಿ ಅಥವಾ ವಾರಾಂತ್ಯವಾದರೆ 111. ಇಂಗ್ಲಿಷ್ ಕಷ್ಟವಾದ ಹಿರಿಯರು ದುಭಾಷಿ ಬೇಕೆಂದು ಕೇಳಬಹುದು. ಜ್ವರದ ಜೊತೆ ನಡುಕ, ಗೊಂದಲದ ಮಾತು, ವೇಗದ ಉಸಿರು ಇದ್ದರೆ ಕಾಯದೆ 999. ಹಾಗೆಯೇ ಗಾಯಕ್ಕೆ ಸಂಬಂಧವಿಲ್ಲದೆ ಮೀನಖಂಡ ಊದಿ ನೋಯುತ್ತಿದ್ದರೆ ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು, ಅವತ್ತೇ ತೋರಿಸಬೇಕು. ಅದರ ಜೊತೆ ಎದೆನೋವು, ಉಸಿರಾಟದ ತೊಂದರೆ ಬಂದರೆ ಅದಕ್ಕೂ 999.

ಮುಚ್ಚಿ ಮತ್ತೆ ತೆರೆಯುವ ಗಾಯ

ಈ ಲೇಖನದಲ್ಲಿ ಒಂದೇ ಒಂದು ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಪಿನ್ ಸೋಂಕುಗಳನ್ನು ವೈದ್ಯರು ಚೆಕೆಟ್ಸ್-ಆಟರ್‌ಬರ್ನ್ ಎಂಬ ಪಟ್ಟಿಯ ಪ್ರಕಾರ ಆರು ದರ್ಜೆಗಳಾಗಿ ವಿಂಗಡಿಸುತ್ತಾರೆ. ಮೊದಲ ಮೂರು ಸಣ್ಣವು, ಕೊನೆಯ ಮೂರು ದೊಡ್ಡವು. ಆರನೆಯ ದರ್ಜೆ ಕಾಣಿಸಿಕೊಳ್ಳುವುದೇ ಫ್ರೇಮ್ ತೆಗೆದ ಮೇಲೆ. ಗಾಯ ಮೊದಲು ಚೆನ್ನಾಗಿ ಮುಚ್ಚುತ್ತದೆ. ವಾರಗಳೋ ತಿಂಗಳುಗಳೋ ಕಳೆದು ಅದೇ ಜಾಗ ಒಡೆದು ಸ್ವಲ್ಪ ಸೋರುತ್ತದೆ. ತಾನೇ ಮುಚ್ಚಿಕೊಳ್ಳುತ್ತದೆ. ಮತ್ತೆ ಒಡೆಯುತ್ತದೆ. ನೋವು ಹೆಚ್ಚಿರುವುದಿಲ್ಲ, ಜ್ವರವೂ ಇರುವುದಿಲ್ಲ. ಅದಕ್ಕೇ ಜನ ಒಂದು ಬ್ಯಾಂಡೇಜ್ ಅಂಟಿಸಿ ಸುಮ್ಮನಾಗುತ್ತಾರೆ.

ಒಳಗೆ ನಡೆದಿರುವುದು ಬೇರೆ. ಪಿನ್ ಕೂರಿಸಲು ಡ್ರಿಲ್ ಮಾಡುವಾಗ ಹುಟ್ಟುವ ಕಾವು ಮತ್ತು ಆಮೇಲಿನ ಸೋಂಕಿನಿಂದ ಪಿನ್ ಸುತ್ತಲಿನ ಮೂಳೆ ಕೆಲವೊಮ್ಮೆ ಉಂಗುರದ ಆಕಾರದಲ್ಲಿ ಸತ್ತುಹೋಗಿರುತ್ತದೆ. ಎಕ್ಸ್‌ರೇಯಲ್ಲಿ ಪಿನ್ ಇದ್ದ ಜಾಗದ ಸುತ್ತ ಬಿಳಿ ಬಳೆಯ ಹಾಗೆ ಕಾಣುತ್ತದೆ. ಇದಕ್ಕೆ ರಿಂಗ್ ಸೀಕ್ವೆಸ್ಟ್ರಮ್ ಎನ್ನುತ್ತಾರೆ. ಸತ್ತ ಮೂಳೆಗೆ ರಕ್ತ ಸಂಚಾರವಿಲ್ಲ. ರಕ್ತವಿಲ್ಲದ ಕಡೆ ಮಾತ್ರೆಯ ಔಷಧ ತಲುಪುವುದಿಲ್ಲ. ಆದ್ದರಿಂದ ಎಷ್ಟು ಆಂಟಿಬಯೋಟಿಕ್ ತೆಗೆದುಕೊಂಡರೂ ನಿಲ್ಲಿಸಿದ ಮೇಲೆ ಮತ್ತೆ ಸೋರುತ್ತದೆ. ಸಣ್ಣ ಆಪರೇಷನ್ ಮಾಡಿ ಆ ಸತ್ತ ಉಂಗುರವನ್ನು ಕೆರೆದು ತೆಗೆದರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ಬೇಗ ತೋರಿಸಿದರೆ ಕೆಲಸ ಸಣ್ಣದು. ವರ್ಷಗಟ್ಟಲೆ ಬಿಟ್ಟರೆ ಮೂಳೆಯ ಸೋಂಕು ಸುತ್ತ ಹರಡಿ ದೊಡ್ಡ ಚಿಕಿತ್ಸೆಯಾಗುತ್ತದೆ.

ಇದು ನಮ್ಮವರಿಗೆ ಇನ್ನೂ ಮುಖ್ಯವಾಗುವುದು ಊರಿನ ಪ್ರಯಾಣದಿಂದ. ಫ್ರೇಮ್ ಇದ್ದಾಗ ಮುಂದೂಡಿದ್ದ ಪ್ರಯಾಣ, ಫ್ರೇಮ್ ಹೋದ ಕೂಡಲೇ ಟಿಕೆಟ್. ಗಾಯ ಒಡೆಯುವುದು ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಮದುವೆ ಮನೆಯ ಗಡಿಬಿಡಿಯಲ್ಲಿ. ಬೀದಿಯ ಮೂಲೆಯ ಮೆಡಿಕಲ್ ಶಾಪಿನಲ್ಲಿ ಐದು ದಿನದ ಮಾತ್ರೆ ತೆಗೆದುಕೊಂಡರೆ ಸೋರುವುದು ನಿಲ್ಲುತ್ತದೆ, ಸಮಸ್ಯೆ ಮುಗಿಯಿತು ಎನಿಸುತ್ತದೆ. ಇಲ್ಲಿಗೆ ಮರಳಿದ ಮೇಲೆ ಮತ್ತೆ ಶುರು. ಅಲ್ಲಿಯೇ ಒಬ್ಬ ಮೂಳೆ ವೈದ್ಯರಿಗೆ ತೋರಿಸಿ, ಎಕ್ಸ್‌ರೇ ಮಾಡಿಸಿ, ಮಾತ್ರೆಗೆ ಮೊದಲು ಸ್ವಾಬ್ ತೆಗೆಸಿ. ಹೋಗುವಾಗ ಡಿಸ್ಚಾರ್ಜ್ ಪತ್ರ, ಕೊನೆಯ ಎಕ್ಸ್‌ರೇಗಳ ಪ್ರತಿ, ಯಾವ ಪಿನ್ ಜಾಗದಲ್ಲಿ ಮೊದಲು ಸೋಂಕಾಗಿತ್ತು ಎಂಬ ಒಂದು ಚೀಟಿ ಬ್ಯಾಗಿನಲ್ಲಿರಲಿ. ಫ್ರೇಮ್ ಇದ್ದಾಗ ಪದೇ ಪದೇ ತೊಂದರೆ ಕೊಟ್ಟ ಪಿನ್ ಯಾವುದೋ, ಆಮೇಲೆ ಒಡೆಯುವ ಸಾಧ್ಯತೆ ಹೆಚ್ಚಿರುವ ಜಾಗವೂ ಅದೇ. ಪ್ರಯಾಣದ ವಿಮೆಗೆ ಈ ಕಾಲಿನ ವಿಷಯ ಮುಚ್ಚಿಡದೆ ತಿಳಿಸಿ. ಹತ್ತು ಗಂಟೆಯ ವಿಮಾನದಲ್ಲಿ ಕೂರುವುದು ಯಾವಾಗ ಸುರಕ್ಷಿತ, ಕಾಲುಚೀಲ ಬೇಕೇ ಎಂದು ಟಿಕೆಟ್ ಕೊಳ್ಳುವ ಮೊದಲೇ ಕ್ಲಿನಿಕ್ಕಿನಲ್ಲಿ ಕೇಳಿ.

ಮೂಳೆಯ ತೂತುಗಳು

ಪಿನ್ ಇದ್ದ ಜಾಗದಲ್ಲಿ ಮೂಳೆ ಸ್ವಲ್ಪ ದಿನ ದುರ್ಬಲ. ಸಾಲಾಗಿ ತೂತು ಕೊರೆದ ಮರದ ಪಟ್ಟಿ ತಿರುಚಿದರೆ ತೂತಿನ ಬಳಿಯೇ ಸೀಳುವುದಿಲ್ಲವೇ, ಹಾಗೆ. ತಿರುಚುವ ಬಲವೇ ಅಪಾಯ: ಕಾಲು ನೆಲದಲ್ಲಿ ಊರಿ ಮೈ ಮಾತ್ರ ತಿರುಗಿಸುವುದು, ಫುಟ್‌ಬಾಲ್, ಬ್ಯಾಡ್ಮಿಂಟನ್, ಮದುವೆಯ ಡ್ಯಾನ್ಸು. ಕೆಲವರಿಗೆ ಪ್ಲಾಸ್ಟರ್ ಅಥವಾ ಬೂಟು ಹಾಕುತ್ತಾರೆ, ಕೆಲವರಿಗೆ ಊರುಗೋಲು ಮುಂದುವರಿಸಲು ಹೇಳುತ್ತಾರೆ. ಕಾಲು ಹಗುರವಾಗಿದೆ, ನೋವಿಲ್ಲ ಎಂದು ಊರುಗೋಲನ್ನು ನಾವೇ ಬಿಡಬಾರದು. ಎಷ್ಟು ಭಾರ, ಎಷ್ಟು ವಾರ ಎಂದು ಹೇಳಬೇಕಾದವರು ಎಕ್ಸ್‌ರೇ ನೋಡಿದ ಸರ್ಜನ್ ಮತ್ತು ಫಿಸಿಯೋ. ಮಕ್ಕಳ ವಿಷಯದಲ್ಲಿ ಶಾಲೆಗೆ ಒಂದು ಪತ್ರ ಬರೆದು ಪಿಇ ಮತ್ತು ಆಟದ ಮೈದಾನದಿಂದ ರಜೆ ಕೇಳಿ; ಫ್ರೇಮ್ ಕಾಣದ ಮೇಲೆ ಮಗು ಪೂರ್ತಿ ಗುಣವಾಗಿದೆ ಎಂದು ಟೀಚರ್‌ಗಳೂ ತಿಳಿದುಬಿಡುತ್ತಾರೆ. ನಡೆಯುವಾಗ ಇದ್ದಕ್ಕಿದ್ದಂತೆ ಹೊಸ ನೋವು ಬಂದರೆ, ಕಾಲು ವಕ್ರವಾಗಿ ಕಂಡರೆ ಭಾರ ಹಾಕದೆ ಆಸ್ಪತ್ರೆಗೆ ಹೋಗಬೇಕು. ಕಾರು ಓಡಿಸುವುದೂ ಡಾಕ್ಟರು ಸರಿ ಎಂದ ಮೇಲೆ, ವಿಮಾ ಕಂಪನಿಗೆ ತಿಳಿಸಿದ ಮೇಲೆ.

ಉಳಿಯುವ ಗುರುತು

ಗಾಯ ಮುಚ್ಚಿದ ಮೇಲೆ ದುಂಡಗಿನ ಕಪ್ಪು ಗುರುತು ಉಳಿಯುತ್ತದೆ. ನಮ್ಮ ಚರ್ಮದಲ್ಲಿ ಈ ಕಪ್ಪು ಎದ್ದು ಕಾಣುತ್ತದೆ, ತಿಳಿಯಾಗಲು ತಿಂಗಳುಗಳು ಬೇಕು. ಬಿಸಿಲಿಗೆ ಇನ್ನಷ್ಟು ಕಪ್ಪಾಗುವುದರಿಂದ ಮೊದಲ ವರ್ಷ ಬೇಸಿಗೆಯಲ್ಲಿ ಆ ಜಾಗಕ್ಕೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ, ಇಲ್ಲವೇ ಮುಚ್ಚಿಕೊಳ್ಳಿ. ಕೆಲವರಲ್ಲಿ ಗುರುತು ದಪ್ಪವಾಗಿ ಉಬ್ಬಿ, ಗಾಯದ ಅಂಚು ದಾಟಿ ಬೆಳೆಯುತ್ತದೆ. ಇದು ಕೀಲಾಯ್ಡ್, ಕಂದು, ಕಪ್ಪು ಚರ್ಮದವರಲ್ಲಿ ಹೆಚ್ಚು, ಮನೆತನದಲ್ಲಿ ಇದ್ದರೆ ಇನ್ನೂ ಹೆಚ್ಚು. ಕಿವಿ ಚುಚ್ಚಿಸಿದಾಗ ಯಾರಿಗಾದರೂ ಗಂಟು ಬೆಳೆದಿತ್ತೇ ಎಂದು ಅಮ್ಮನನ್ನು ಕೇಳಿದರೆ ಗೊತ್ತಾಗುತ್ತದೆ. ಹಾಗಿದ್ದರೆ ಮೊದಲೇ ನರ್ಸ್‌ಗೆ ತಿಳಿಸಿ, ಸಿಲಿಕೋನ್ ಜೆಲ್ ಅಥವಾ ಹಾಳೆ ಶುರು ಮಾಡಬಹುದು.

ಕೆಲವು ಕಡೆ ಚರ್ಮ ಒಳಗಿನ ಮಾಂಸಕ್ಕೆ ಅಂಟಿಕೊಂಡು ಕುಳಿ ಬೀಳುತ್ತದೆ, ಪಾದ ಆಡಿಸಿದಾಗ ಎಳೆದಂತಾಗುತ್ತದೆ. ಎಲ್ಲ ಗಾಯ ಒಣಗಿ, ಹಕ್ಕಳೆಗಳೆಲ್ಲ ತಾವಾಗಿ ಉದುರಿ, ಇನ್ನೂ ಒಂದೆರಡು ವಾರ ಕಳೆದ ಮೇಲೆ ಬೆರಳ ತುದಿಯಿಂದ ವೃತ್ತಾಕಾರವಾಗಿ, ಚರ್ಮ ಕೆಳಗಿನ ಮಾಂಸದ ಮೇಲೆ ಜರುಗುವಷ್ಟು ಒತ್ತಿ, ದಿನಕ್ಕೆ ಎರಡು ಮೂರು ಸಲ ಐದೈದು ನಿಮಿಷ ತಿಕ್ಕಿದರೆ ನಿಧಾನವಾಗಿ ಬಿಡಿಸಿಕೊಳ್ಳುತ್ತದೆ. ಇದಕ್ಕೆ ವಾಸನೆಯಿಲ್ಲದ ಯಾವ ಮಾಯಿಶ್ಚರೈಸರ್ ಆದರೂ ನಡೆಯುತ್ತದೆ. ಇಷ್ಟು ದಿನ ಕೈಗೆ ಸಿಗದಂತೆ ಎತ್ತಿಟ್ಟಿದ್ದ ಕೊಬ್ಬರಿ ಎಣ್ಣೆ ಬಾಟಲಿಯನ್ನು ಅಮ್ಮನ ಕೈಗೆ ಕೊಡುವುದಾದರೆ, ಈಗ ಕೊಡಬಹುದು.